ಕೊನೆಯ ಏಳು ನಿಮಿಷ

ಮಂಡ್ಯದ ಗುತ್ತಲು ರಸ್ತೆಯಲ್ಲಿ ನನ್ನದು ಟೈಲರ್ ಅಂಗಡಿ.
ಎರಡು ಮಿಷನ್ನು, ಒಂದು ಟೀವಿ, ಮೂರು ಸ್ಟೂಲು.
ಇನ್ನೊಬ್ಬರು ಬಂದರೆ
ಲೈನಿಂಗ್ ಬಟ್ಟೆಯ ಥಾನಿನ ಮೇಲೆ ಕೂರಬೇಕು.

ಭಾನುವಾರ ಸಂಜೆ ಮೊದಲು ಬರುವವರು ಬೋರಲಿಂಗಯ್ಯ,
ಕೆಇಬಿಯ ಮೀಟರ್ ರೀಡರು. ಬಗಲಲ್ಲಿ ನೀಲಿ ರಟ್ಟಿನ ಪುಸ್ತಕ.
ಮುಂದಿನಿಂದ ತೆರೆದರೆ ಊರಿನ ಯೂನಿಟ್ಟು,
ತಲೆಕೆಳಗು ಮಾಡಿ ಹಿಂದಿನಿಂದ ತೆರೆದರೆ
ಸಿನಿಮಾ, ಸೀರಿಯಲ್ಲು, ಹತ್ತಕ್ಕೆ ಇಷ್ಟು.

‘ಹೀರೋ ಹದ್ನೆಂಟು ಜನಕ್ಕೆ ಹೊಡ್ದ.
ಎರಡನೇ ಫೈಟಲ್ಲಿ ಬಿದ್ದೋನು ಕೊನೇ ಫೈಟಲ್ಲೂ ಬಿದ್ದ, ಅದೇ ಅಂಗಿ.
ಪಾಪ, ಮೂರು ಮಾರ್ಕೂ ಅವನಿಗೇ.’

‘ಗ್ರಹ ಬೇರೆ, ಚರ್ಮ ಹಸುರು, ಮಾತು ಮಾತ್ರ ಒಂದೇ.
ಮಳವಳ್ಳಿ ದಾಟುದ್ರೆ ಮಾತು ಬದ್ಲಾಯ್ತದೆ ಕಣವ್ವ,
ನಕ್ಷತ್ರ ದಾಟುದ್ರೆ ಬ್ಯಾಡ್ವಾ?’

‘ಹಡಗು ತುಂಬಾ ಲೈಟು. ಒಂದು ಮೀಟರೂ ಕಾಣೆ.’

ನಾನೇನು ಕಮ್ಮಿ?
ಅಳುವ ತಾಯಿ ಮಿಷನ್ ತುಳಿಯುತ್ತಾಳೆ ಪರದೆ ತುಂಬ,
ಸೂಜಿಯಲ್ಲಿ ದಾರವೇ ಇಲ್ಲ.
ಮಗನನ್ನು ಡಾಕ್ಟರ್ ಓದಿಸಿದಳಲ್ಲ, ಏನು ಹೊಲಿದು?
ಗಗನಯಾತ್ರಿಗಳ ಅಂಗಿಗೆ ಕಂಕುಳಲ್ಲಿ ಪಟ್ಟಿ ಕೊಟ್ಟಿಲ್ಲ,
ಕೈ ಎತ್ತಿದರೆ ಹರಿಯುತ್ತದೆ.
ಅದಕ್ಕೇ ಯಾರೂ ಎತ್ತುವುದಿಲ್ಲ, ಬರೀ ಗುಂಡಿ ಒತ್ತುತ್ತಾರೆ.

ಸೈಕಲ್ ಶಾಪಿನ ಗೌಸ್‌ಪೀರ್‌ಗೆ ಎಲ್ಲವೂ ಇಷ್ಟ.
ಕೊನೆಯಲ್ಲಿ ಓಡುವ ಹೆಸರುಗಳಿಗೂ ಸಲಾಂ ಹೊಡೆಯುವ ಆಸಾಮಿ,
ಅವನ ಅಭಿಪ್ರಾಯ ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಪ್ಪತ್ನಾಲ್ಕನೇ ಕಂತು.
ಒಬ್ಬಳೇ ಹೆಂಗಸು, ಕೆಂಪು ಮರಳು,
ಇವಳನ್ನು ಮರೆತು ಹೊರಟುಹೋದ ಹಡಗು.
ಕೈಯಲ್ಲಿ ರೇಡಿಯೋ. ಗುರ್ರೆನ್ನುವ ಸದ್ದಿನ ಒಳಗಿಂದ
ಯಾರೋ ಅವಳ ಹೆಸರು ಹಿಡಿದು ಕರೆದರು

ಕರೆಂಟು ಹೋಯಿತು.

ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ.
ಕತ್ತಲೆಯ ಬಣ್ಣವೂ ಅದೇ.
ಎಲ್ಲರೂ ಬೋರಲಿಂಗಯ್ಯನವರ ಕಡೆ ತಿರುಗಿದೆವು.
ಕಾಣದಿದ್ದರೂ ಅವರಿಗೆ ಗೊತ್ತಾಯಿತು:
‘ನಾ ಓದೋನು ಕಣ್ರಪ್ಪ, ಕೀಳೋನಲ್ಲ.’

ಮುಂದಿನ ವಾರ ಬೇರೆಯೇ ಕಥೆ.
ಆ ಏಳು ನಿಮಿಷ ನಮ್ಮ ಪಾಲಿಗೆ ಬಿತ್ತು.
ಸತ್ತಳು, ನಾಮಿನಿ ಕೂಡ ಇಲ್ಲ, ಎಂದ ಎಲ್ಐಸಿ ರೇಚಣ್ಣ.
ಹಡಗು ಬಂತು, ಬರದೆ ಇರುತ್ತದಾ, ಎಂದ ಗೌಸ್‌ಪೀರ್.
ಬೋರಲಿಂಗಯ್ಯ ಮಾತ್ರ:
ಕರೆದದ್ದು ಅವಳದೇ ದನಿ. ಎಂದೋ ಕೂಗಿದ್ದು,
ಬೆಟ್ಟಕ್ಕೆ ಬಡಿದು ಈಗ ವಾಪಸು ಬಂದದೆ.
ಹನ್ನೊಂದು ವರ್ಷ. ಪ್ರತಿ ವರ್ಷ ಆ ಬೆಟ್ಟ
ಇನ್ನೊಂದು ಗೇಣು ಎತ್ತರವಾಯಿತು.

ಮೊನ್ನೆ ಗೌಸ್‌ಪೀರನ ಮಗಳು ಶಬೀನಾ
ಫೋನು ಹಿಡಿದು ಓಡಿ ಬಂದಳು: ಸಿಕ್ತು!
ದಾರದ ಉಂಡೆಗೆ ಒರಗಿಸಿ ಇಟ್ಟಳು.
ಐದು ತಲೆ, ಅಂಗೈಯಗಲ ಗ್ರಹ.

ಕರೆದದ್ದು ಹಡಗಿನವರೇ.
‘ಬರ್ತಿದೀವಿ, ಅಲ್ಲೇ ಇರು’ ಅಂದರು.
ಅವಳು ತುಸು ಹೊತ್ತು ಕೇಳಿಸಿಕೊಂಡಳು.
ರೇಡಿಯೋ ಆರಿಸಿದಳು. ಬೂಟು ಬಿಚ್ಚಿ
ಮರಳಿನ ಮೇಲೆ ಬರಿಗಾಲು ಇಟ್ಟಳು.
ಅಷ್ಟೆ. ಹೆಸರುಗಳು ಓಡಿದವು.

ಗೌಸ್‌ಪೀರ್ ಸಲಾಂ ಹೊಡೆಯಲಿಲ್ಲ.
‘ಬಾಗಿಲಿಗೆ ಬಂದ ಹಡಗು ಬಿಟ್ಳಲ್ಲ’ ಎಂದ ರೇಚಣ್ಣ.
ರಿಟೈರಾದರೂ ಅದೇ ನೀಲಿ ಪುಸ್ತಕ. ಬೋರಲಿಂಗಯ್ಯ
ಕನ್ನಡಕ ಏರಿಸಿ, ಬರೆಯುತ್ತ ಗಟ್ಟಿಯಾಗಿ ಓದಿದರು:
‘ಕಂತಿಗೆ ನಾಲ್ಕು.
ಅವತ್ತು ಕರೆಂಟ್ ತೆಗೆದೋನಿಗೆ ಒಂಬತ್ತು.’
ನಕ್ಕರು. ನಾನೂ ನಕ್ಕೆ.

ಶಟರ್ ಅರ್ಧ ಎಳೆದ ಮೇಲೆ ಅಳತೆ ಪುಸ್ತಕ ತೆಗೆದೆ.
ಎದೆ ಮೂವತ್ತಾರು, ತೋಳು ಒಂಬತ್ತು,
ಹಿಂದುಗಡೆ ಡೀಪ್ ಬೇಡ.
ಅದರ ಕೆಳಗೆ, ಯಾರಿಗೂ ಹೇಳದೆ:
ಬೂಟು ಬಿಚ್ಚಿದ್ದು ಸರಿ.

ಮಾರ್ಕು ಹಾಕಲಿಲ್ಲ.
ಸೋಮವಾರ ಬ್ಲೌಸಿಗೆ ಬಂದ ಪಂಕಜಾಕ್ಷಿ ಮೇಡಂ
ಪುಟದ ಮೇಲೆ ಬೆರಳಿಟ್ಟು ಕೇಳಿದರು, ಇದೇನಿದು, ಬೂಟು?
ಅದು ನಿಮ್ಮ ಅಳತೆಯಲ್ಲ ಮೇಡಂ, ಅಂದೆ.